ಉದರದ ಗೋಡೆ

ಹರಿದ ಬಟ್ಟೆಯನ್ನು ಹೊಲಿಯಲು ಕುಳಿತ ದರ್ಜಿಯು ಮೊದಲು ಅದರ ಅಂಚನ್ನು ಬೆರಳುಗಳಿಂದ ಹಿಡಿದು ಎಳೆದು ನೋಡುತ್ತಾನೆ. ನೂಲು ಗಟ್ಟಿಯಾಗಿದ್ದರೆ ಹೊಲಿಗೆ ನಿಲ್ಲುತ್ತದೆ. ಬಟ್ಟೆ ಜೀರ್ಣವಾಗಿದ್ದರೆ ದಾರವು ಎಷ್ಟೇ ಬಲವಾಗಿದ್ದರೂ ಹೊಲಿಗೆಯ ಪಕ್ಕದಲ್ಲಿಯೇ ಅದು ಮತ್ತೆ ಹರಿಯುತ್ತದೆ. ರೋಗಿಯ ಉದರವನ್ನು ತೆರೆದು, ಒಳಗಿನ ರೋಗವನ್ನು ನಿವಾರಿಸಿ, ಮತ್ತೆ ಅದನ್ನು ಹೊಲಿದು ಮುಚ್ಚಬೇಕಾದ ಶಸ್ತ್ರವೈದ್ಯನಿಗೂ ಇದೇ ಚಿಂತೆ. ಆದರೆ ಅವನು ಹೊಲಿಯಬೇಕಾದ ವಸ್ತು ಚರ್ಮದ ಕೆಳಗೆ ಅಡಗಿದೆ. ಅದು ಗಟ್ಟಿಯೋ ಜೀರ್ಣವೋ ಎಂಬುದನ್ನು ಶಸ್ತ್ರವನ್ನು ಕೈಗೆತ್ತಿಕೊಳ್ಳುವ ಮೊದಲೇ ಅರಿಯಲು ಸಾಧ್ಯವೆ? ಸ್ನಾಯುಗಳ ಚಿತ್ರಣದಿಂದ ಸ್ವಲ್ಪಮಟ್ಟಿಗೆ ಸಾಧ್ಯ ಎಂಬುದು ಇಂದಿನ ವೈದ್ಯವಿಜ್ಞಾನವು ಕಂಡುಕೊಂಡಿರುವ ಉತ್ತರ.

ಮೆದುಳಿಗೆ ತಲೆಬುರುಡೆಯ ರಕ್ಷಣೆಯುಂಟು. ಹೃದಯ ಮತ್ತು ಶ್ವಾಸಕೋಶಗಳಿಗೆ ಪಕ್ಕೆಲುಬುಗಳ ಪಂಜರವುಂಟು. ಉದರದ ಮುಂಭಾಗಕ್ಕೆ ಮಾತ್ರ ಎಲುಬಿನ ಕವಚವಿಲ್ಲ. ಅಲ್ಲಿ ಸ್ನಾಯುಗಳೇ ಗೋಡೆ. ನಡುಗೆರೆಯ ಎರಡು ಬದಿಗಳಲ್ಲಿ ಎದೆಯ ಕೆಳಭಾಗದಿಂದ ಕಿಬ್ಬೊಟ್ಟೆಯವರೆಗೆ ಇಳಿಯುವ ಒಂದೊಂದು ನೀಳವಾದ ಸ್ನಾಯುವಿದೆ. ಪಕ್ಕಗಳಲ್ಲಿ ಒಂದರ ಕೆಳಗೊಂದರಂತೆ ಮೂರು ಸ್ನಾಯುಪದರಗಳಿವೆ. ಹೊರಪದರದ ಎಳೆಗಳು ಒಂದು ದಿಕ್ಕಿಗೆ ಓರೆಯಾಗಿಯೂ ನಡುಪದರದ ಎಳೆಗಳು ಅದಕ್ಕೆ ವಿರುದ್ಧವಾಗಿ ಓರೆಯಾಗಿಯೂ ಒಳಪದರದ ಎಳೆಗಳು ಅಡ್ಡಲಾಗಿಯೂ ಸಾಗುತ್ತವೆ. ಎಳೆಗಳ ದಿಕ್ಕು ಹೀಗೆ ಬೇರೆಬೇರೆಯಾಗಿರುವುದರಿಂದಲೇ ಗೋಡೆಗೆ ಚಾಪೆಯ ಹೆಣಿಗೆಯಂಥ ಬಲ ಬಂದಿದೆ. ಈ ಮೂರು ಪದರಗಳೂ ಮುಂಭಾಗಕ್ಕೆ ಬಂದಂತೆ ತೆಳುವಾದ, ಆದರೆ ಗಟ್ಟಿಯಾದ ತಂತುಹಾಳೆಗಳಾಗುತ್ತವೆ. ನೀಳ ಸ್ನಾಯುಗಳಿಗೆ ಒರೆಯಂತೆ ಆವರಿಸಿ, ಹೊಟ್ಟೆಯ ನಟ್ಟನಡುವೆ ಒಂದು ಪಟ್ಟಿಯಾಗಿ ಕೂಡಿಕೊಳ್ಳುತ್ತವೆ. ಇದಕ್ಕೆ ಲ್ಯಾಟಿನ್ ಭಾಷೆಯಲ್ಲಿ ‘ಲಿನಿಯಾ ಆಲ್ಬ’ ಎಂದು ಹೆಸರು. ‘ಬಿಳಿಯ ಗೆರೆ’ ಎಂದು ಅದರ ಅರ್ಥ.

ಉದರದೊಳಗಿನ ಅನೇಕ ಶಸ್ತ್ರಚಿಕಿತ್ಸೆಗಳಲ್ಲಿ ವೈದ್ಯರು ಈ ಬಿಳಿಯ ಗೆರೆಯನ್ನೇ ಸೀಳುತ್ತಾರೆ. ಅಲ್ಲಿ ರಕ್ತನಾಳಗಳೂ ನರಗಳೂ ವಿರಳ; ಬೇಗನೆ ಒಳಗೆ ಪ್ರವೇಶಿಸಬಹುದು. ಆದರೆ ಎರಡು ಕಡೆಯ ಸ್ನಾಯುಗಳೂ ತಮ್ಮತ್ತ ಎಳೆಯುವುದು ಇದೇ ಪಟ್ಟಿಯನ್ನು. ನಾವು ಕೆಮ್ಮಿದಾಗ, ನಕ್ಕಾಗ, ತುಂಬಿದ ಕೊಡವನ್ನು ಎತ್ತಿದಾಗ ಉದರದೊಳಗಿನ ಒತ್ತಡವು ಏರಿ ಹೊಲಿಗೆಯನ್ನು ಜಗ್ಗುತ್ತದೆ. ಮೇಲಿನ ಚರ್ಮವು ಕೆಲವೇ ದಿನಗಳಲ್ಲಿ ಕೂಡಿಕೊಂಡಂತೆ ಕಂಡರೂ ಒಳಗಿನ ತಂತುಗಳು ಬಲಗೊಳ್ಳಲು ತಿಂಗಳುಗಳೇ ಬೇಕು. ಆಗಲೂ ಅವು ಮೊದಲಿನ ಬಲವನ್ನು ಪೂರ್ಣವಾಗಿ ಪಡೆಯುವುದಿಲ್ಲ. ಒಳಗಿನ ಗಾಯವು ಎಲ್ಲಿಯಾದರೂ ಬಿಟ್ಟುಕೊಂಡರೆ ಆ ಸಂದಿನಿಂದ ಕೊಬ್ಬೋ ಕರುಳೋ ಹೊರಚಾಚಿ ಚರ್ಮದಡಿಯಲ್ಲಿ ಉಬ್ಬಾಗಿ ಕಾಣಿಸುತ್ತದೆ. ಇದೇ ಶಸ್ತ್ರಚಿಕಿತ್ಸೆಯ ತರುವಾಯದ ಹರ್ನಿಯಾ.

ಈ ತೊಂದರೆ ವಿರಳವಾದುದಲ್ಲ. ನಡುಗೆರೆಯಲ್ಲಿ ಉದರವನ್ನು ತೆರೆಯಿಸಿಕೊಂಡ ನೂರು ಜನರಲ್ಲಿ ಸುಮಾರು ಹತ್ತರಿಂದ ಇಪ್ಪತ್ತು ಮಂದಿಗೆ ಇದು ಉಂಟಾಗುತ್ತದೆ. ಕೆಲವರಲ್ಲಿ ವರ್ಷಗಳು ಕಳೆದ ಮೇಲೆ ಕಾಣಿಸಿಕೊಳ್ಳುವುದೂ ಉಂಟು. ಕರುಳು ಸಂದಿನಲ್ಲಿ ಸಿಕ್ಕಿಕೊಂಡು ಅದಕ್ಕೆ ರಕ್ತಸಂಚಾರ ನಿಂತರೆ ಪ್ರಾಣಕ್ಕೇ ಅಪಾಯ. ಮಾರಕ ರೋಗದಿಂದ ಪಾರಾದ ವ್ಯಕ್ತಿಯು ಮತ್ತೆ ಶಸ್ತ್ರಚಿಕಿತ್ಸೆಯ ಮೇಜನ್ನು ಏರಬೇಕಾಗುತ್ತದೆ. ಸರಿಪಡಿಸಿದ ಹರ್ನಿಯಾ ಮರಳಿ ಬರುವುದೂ ಅಪರೂಪವಲ್ಲ.

ಸ್ಥೂಲಕಾಯ, ಧೂಮಪಾನ, ಮಧುಮೇಹ, ಬಹುಕಾಲದ ಕೆಮ್ಮು, ಅಪೌಷ್ಟಿಕತೆ, ಗಾಯದಲ್ಲಿ ಕೀವು ತುಂಬುವುದು, ಇವೆಲ್ಲ ಹರ್ನಿಯಾದ ಅಪಾಯವನ್ನು ಹೆಚ್ಚಿಸುತ್ತವೆ ಎಂಬುದನ್ನು ವೈದ್ಯರು ಬಲ್ಲರು. ಆದರೆ ತಕ್ಕಡಿಯು ತೂಕವನ್ನು ಮಾತ್ರ ಹೇಳುತ್ತದೆ. ಆ ತೂಕದಲ್ಲಿ ಸ್ನಾಯುವೆಷ್ಟು, ಕೊಬ್ಬೆಷ್ಟು ಎಂಬುದನ್ನು ಹೇಳುವುದಿಲ್ಲ. ಒಂದೇ ತೂಕದ ಇಬ್ಬರಲ್ಲಿ ಒಬ್ಬನ ಉದರದ ಗೋಡೆ ದೃಢವಾಗಿಯೂ ಇನ್ನೊಬ್ಬನದು ಶಿಥಿಲವಾಗಿಯೂ ಇರಬಹುದು. ಅದನ್ನು ತಿಳಿಯಬೇಕಾದರೆ ಒಳಗನ್ನು ಕಾಣಬೇಕು.

೧೮೯೫ರಲ್ಲಿ ಜರ್ಮನಿಯ ವಿಲ್ಹೆಲ್ಮ್ ರಾಂಟ್‌ಗೆನ್ ಕ್ಷ-ಕಿರಣಗಳನ್ನು ಕಂಡುಹಿಡಿದಾಗ ಒಳಗನ್ನು ಕಾಣುವ ಮಾರ್ಗವು ತೆರೆಯಿತು. ಆ ಚಿತ್ರಗಳಲ್ಲಿ ಎಲುಬುಗಳು ಸ್ಪಷ್ಟವಾಗಿ ಮೂಡಿದರೂ ಮೆದುವಾದ ಅಂಗಗಳು ಒಂದರ ನೆರಳಿನಲ್ಲಿ ಇನ್ನೊಂದು ಬೆರೆತುಹೋಗುತ್ತಿದ್ದವು. ಈ ಕೊರತೆಯನ್ನು ನೀಗಿದವನು ಇಂಗ್ಲೆಂಡಿನ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್. ದೇಹದ ಸುತ್ತಲೂ ಅನೇಕ ಕೋನಗಳಿಂದ ಕಿರಣಗಳನ್ನು ಹಾಯಿಸಿ, ಪ್ರತಿಯೊಂದು ಕಿರಣವೂ ಎಷ್ಟು ಕುಂದಿತೆಂಬುದನ್ನು ಅಳೆದು, ಗಣಕಯಂತ್ರದ ನೆರವಿನಿಂದ ದೇಹದ ಅಡ್ಡಛೇದದ ಚಿತ್ರವನ್ನು ಆತನು ರಚಿಸಿದನು. ಸೌತೆಕಾಯಿಯನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ಒಂದು ಬಿಲ್ಲೆಯನ್ನು ಎತ್ತಿ ನೋಡಿದಂತೆ. ಇಲ್ಲಿ ಕತ್ತರಿಸುವ ಅಗತ್ಯ ಮಾತ್ರ ಇಲ್ಲ. ೧೯೭೧ರ ಅಕ್ಟೋಬರ್ ೧ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಒಬ್ಬ ರೋಗಿಯ ಮೆದುಳಿನ ಚಿತ್ರವನ್ನು ಹೀಗೆ ತೆಗೆಯಲಾಯಿತು. ಇದಕ್ಕೆ ಬೇಕಾದ ಗಣಿತವನ್ನು ಬೇರೆಯಾಗಿಯೇ ರೂಪಿಸಿದ್ದ ಅಲನ್ ಕಾರ್ಮ್ಯಾಕ್‌ನೊಡನೆ ಹೌನ್ಸ್‌ಫೀಲ್ಡ್ ೧೯೭೯ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡನು. ಈ ವಿಧಾನವೇ ಸಿ.ಟಿ. ಸ್ಕ್ಯಾನ್.

ಸಿ.ಟಿ. ಚಿತ್ರದ ಪ್ರತಿಯೊಂದು ಚುಕ್ಕೆಯ ಹಿಂದೆಯೂ ಒಂದು ಸಂಖ್ಯೆಯಿದೆ. ಹೌನ್ಸ್‌ಫೀಲ್ಡನ ಹೆಸರಿನ ಈ ಮಾನದಲ್ಲಿ ನೀರಿಗೆ ಸೊನ್ನೆ, ಗಾಳಿಗೆ ಸೊನ್ನೆಗಿಂತ ೧೦೦೦ ಕಡಿಮೆ. ಕೊಬ್ಬು ಸೊನ್ನೆಗಿಂತ ಕೆಳಗೂ ಆರೋಗ್ಯವಾದ ಸ್ನಾಯು ಸೊನ್ನೆಗಿಂತ ಮೇಲೂ ನಿಲ್ಲುತ್ತವೆ. ಆದುದರಿಂದ ಇವೆರಡನ್ನೂ ಗಣಕಯಂತ್ರವು ಸುಲಭವಾಗಿ ಬೇರ್ಪಡಿಸಬಲ್ಲುದು. ಸಾಮಾನ್ಯವಾಗಿ ಸೊಂಟದ ಮೂರನೆಯ ಕಶೇರುಮಣಿಯ ಮಟ್ಟದ ಅಡ್ಡಛೇದವನ್ನು ಆರಿಸಿಕೊಂಡು ಅದರಲ್ಲಿರುವ ಸ್ನಾಯುಗಳ ವಿಸ್ತೀರ್ಣವನ್ನು ಅಳೆಯುತ್ತಾರೆ. ಇಡೀ ದೇಹದ ಸ್ನಾಯುಸಂಪತ್ತನ್ನು ಈ ಒಂದು ಬಿಲ್ಲೆಯಿಂದ ಅಂದಾಜು ಮಾಡಬಹುದು.

ವಿಸ್ತೀರ್ಣವೊಂದೇ ಸಾಲದು. ಗೆದ್ದಲು ಹಿಡಿದ ತೊಲೆ ಹೊರಗಿನಿಂದ ದಪ್ಪವಾಗಿಯೇ ಕಾಣುತ್ತದೆ. ಹಾಗೆಯೇ ಕೆಲವರ ಸ್ನಾಯುಗಳ ಎಳೆಗಳ ನಡುವೆ ಕೊಬ್ಬು ಸೇರಿಕೊಂಡಿರುತ್ತದೆ. ಗಾತ್ರ ಕುಂದದಿದ್ದರೂ ಗುಣ ಕುಂದಿರುತ್ತದೆ. ಇಂಥ ಸ್ನಾಯುವಿನ ಹೌನ್ಸ್‌ಫೀಲ್ಡ್ ಸಂಖ್ಯೆ ತಗ್ಗಿರುವುದರಿಂದ ಚಿತ್ರದಲ್ಲಿ ಆ ದೋಷವು ಬಯಲಾಗುತ್ತದೆ. ನೀಳ ಸ್ನಾಯುಗಳೆರಡರ ನಡುವಣ ಅಂತರ, ಪಕ್ಕದ ಪದರಗಳ ದಪ್ಪ, ಕರುಳಿನ ಸುತ್ತಲೂ ತುಂಬಿದ ಕೊಬ್ಬು, ಇವನ್ನೂ ಅದೇ ಚಿತ್ರದಲ್ಲಿ ಅಳೆಯಬಹುದು. ಎಷ್ಟೋ ರೋಗಿಗಳಿಗೆ ಮೂಲರೋಗವನ್ನು ಗುರುತಿಸಲು ಮೊದಲೇ ಸಿ.ಟಿ. ತೆಗೆದಿರುತ್ತಾರೆ. ಗಡ್ಡೆಯನ್ನು ಹುಡುಕಲು ತೆಗೆದ ಚಿತ್ರದಲ್ಲಿಯೇ ಗೋಡೆಯ ಸ್ಥಿತಿಯೂ ದಾಖಲಾಗಿರುತ್ತದೆ. ಅದನ್ನು ಓದುವ ಕಣ್ಣು ಬೇಕು, ಅಷ್ಟೆ. ಕಿರಣಗಳ ಸೋಂಕಿಲ್ಲದ ಅಲ್ಟ್ರಾಸೌಂಡ್ ಸಾಧನದಿಂದಲೂ ಸ್ನಾಯುವಿನ ದಪ್ಪವನ್ನು ಅಳೆಯಬಹುದು.

ಅಪಾಯವು ಮೊದಲೇ ತಿಳಿದರೆ ಪ್ರಯೋಜನವೇನು? ಹೊಲಿಗೆಯ ಕ್ರಮವನ್ನು ಉತ್ತಮಪಡಿಸಬಹುದು. ನೆದರ್ಲೆಂಡ್ಸ್ ದೇಶದಲ್ಲಿ ೫೬೦ ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗದ ಫಲಿತಾಂಶ ೨೦೧೫ರಲ್ಲಿ ಪ್ರಕಟವಾಯಿತು. ಒಂದು ಸೆಂಟಿಮೀಟರಿನ ದೊಡ್ಡ ಹೊಲಿಗೆ ಹಾಕಿದವರಲ್ಲಿ ವರ್ಷದೊಳಗೆ ನೂರಕ್ಕೆ ೨೧ ಮಂದಿಗೆ ಹರ್ನಿಯಾ ಆಗಿತ್ತು. ಅರ್ಧ ಸೆಂಟಿಮೀಟರಿನ ಸಣ್ಣ ಹೊಲಿಗೆ ಹಾಕಿದವರಲ್ಲಿ ೧೩ ಮಂದಿಗೆ ಮಾತ್ರ. ಸಣ್ಣ ಹೊಲಿಗೆಗೆ ಕೆಲವು ನಿಮಿಷಗಳ ಕಾಲ ಹೆಚ್ಚು ಬೇಕು. ಅಪಾಯ ಹೆಚ್ಚಿರುವವರಿಗೆ ಹೊಲಿಗೆಯೊಡನೆ ಕೃತಕ ಜಾಲರಿಯನ್ನು ಇಟ್ಟು ಗೋಡೆಯನ್ನು ಬಲಪಡಿಸುವುದೂ ಉಂಟು. ಆದರೆ ಜಾಲರಿಯ ಸುತ್ತ ನೀರು ಸೇರುವಂಥ ತೊಡಕುಗಳಿರುವುದರಿಂದ ಅದನ್ನು ಎಲ್ಲರಿಗೂ ಇಡುವುದು ಯುಕ್ತವಲ್ಲ. ಅದು ಯಾರಿಗೆ ಬೇಕು, ಯಾರಿಗೆ ಬೇಡ ಎಂದು ವಿವೇಚಿಸುವಲ್ಲಿ ಚಿತ್ರಣವು ನೆರವಾಗಬಲ್ಲುದು. ಶಸ್ತ್ರಚಿಕಿತ್ಸೆಗೆ ಕಾಲಾವಕಾಶವಿದ್ದರೆ ರೋಗಿಯೂ ಧೂಮಪಾನವನ್ನು ತ್ಯಜಿಸಿ, ಪುಷ್ಟಿಕರವಾದ ಆಹಾರವನ್ನು ಸೇವಿಸಿ, ತಕ್ಕ ವ್ಯಾಯಾಮದಿಂದ ತನ್ನ ದೇಹವನ್ನು ಸಿದ್ಧಪಡಿಸಿಕೊಳ್ಳಬಹುದು.

ಹಾಗೆಂದು ಚಿತ್ರವೇ ಭವಿಷ್ಯವನ್ನು ನುಡಿಯುತ್ತದೆ ಎಂದು ತಿಳಿಯಬಾರದು. ಸ್ನಾಯುವಿನ ಕೊರತೆಗೂ ಹರ್ನಿಯಾಕ್ಕೂ ಸಂಬಂಧವಿದೆಯೆಂದು ಕೆಲವು ಅಧ್ಯಯನಗಳು ಹೇಳಿದರೆ, ಬೇರೆ ಕೆಲವು ಅಂಥ ಸಂಬಂಧವನ್ನು ಕಂಡಿಲ್ಲ. ವಯಸ್ಸು, ಲಿಂಗ, ದೇಹದ ಎತ್ತರಗಳಿಗೆ ಅನುಸಾರವಾಗಿ ಅಳತೆಗಳೂ ಬದಲಾಗುತ್ತವೆ. ದುರ್ಬಲವಾದ ಗೋಡೆಯುಳ್ಳವನ ಗಾಯವು ಚೆನ್ನಾಗಿ ಕೂಡಿಕೊಳ್ಳಬಹುದು. ದೃಢಕಾಯನ ಗಾಯದಲ್ಲಿ ಕೀವು ತುಂಬಿ ಹೊಲಿಗೆ ಬಿಡಬಹುದು. ಕರುಳು ತೂತಾಗಿ ನಡುರಾತ್ರಿಯಲ್ಲಿ ಬಂದ ರೋಗಿಗೆ ಅಳತೆಗಳನ್ನು ಲೆಕ್ಕಹಾಕುತ್ತ ಕುಳಿತರೆ ಪ್ರಾಣವೇ ಹೋದೀತು. ಆದುದರಿಂದ ಚಿತ್ರವನ್ನು ಹಲವು ಸಾಕ್ಷಿಗಳಲ್ಲಿ ಒಂದೆಂದು ಭಾವಿಸಿ, ರೋಗಿಯ ಚರಿತ್ರೆಯನ್ನೂ ದೇಹಪರೀಕ್ಷೆಯನ್ನೂ ಅದರೊಡನೆ ತೂಗಿನೋಡುವವನೇ ವಿವೇಕಿಯಾದ ವೈದ್ಯ.

ರೋಗವನ್ನು ಕಿತ್ತುಹಾಕಿದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಮುಗಿಯುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ಮರಳಿದ ರೈತನು ಮತ್ತೆ ನೇಗಿಲನ್ನು ಹಿಡಿಯಬೇಕು. ತಾಯಿಯು ತನ್ನ ಮಗುವನ್ನು ಅಂಜಿಕೆಯಿಲ್ಲದೆ ಎತ್ತಿಕೊಳ್ಳಬೇಕು. ಅಂಥ ದಿನವನ್ನು ಮುಂದಾಗಿಯೇ ನೆನೆದು, ತೆರೆಯುವ ಮೊದಲೇ ಮುಚ್ಚುವ ಬಗೆಯನ್ನು ಯೋಚಿಸಲು ಈ ಚಿತ್ರಗಳು ವೈದ್ಯನಿಗೆ ಅವಕಾಶವನ್ನು ಕೊಡುತ್ತವೆ.