ಕಾನಾನ್ಯರು ಎಲ್ಲಿಗೆ ಹೋದರು?

ಬೈಬಲಿನ ಹಳೆಯ ಒಡಂಬಡಿಕೆಯನ್ನು ಓದಿದವರಿಗೆ ಕಾನಾನ್ಯರ ಹೆಸರು ಹೊಸದಲ್ಲ. ಅಬ್ರಹಾಮನ ಸಂತತಿಗೆ ದೇವರು ವಾಗ್ದಾನ ಮಾಡಿದ ನಾಡಿನಲ್ಲಿ ಮೊದಲಿನಿಂದ ಇದ್ದವರು ಇವರು. ಇಂದಿನ ಇಸ್ರೇಲ್, ಪ್ಯಾಲೆಸ್ಟೈನ್, ಲೆಬನಾನ್ ಹಾಗೂ ಸಿರಿಯಾ, ಜೋರ್ಡಾನ್‌ಗಳ ಕೆಲವು ಭಾಗ ಸೇರಿದರೆ ಆ ನಾಡು. ಧರ್ಮೋಪದೇಶಕಾಂಡದ ಏಳನೆಯ ಅಧ್ಯಾಯವು ಹಿತ್ತಿಯರು, ಅಮೋರಿಯರು, ಯೆಬೂಸಿಯರು ಮುಂತಾದ ಏಳು ಜನಾಂಗಗಳ ಸಾಲಿನಲ್ಲಿ ಇವರನ್ನೂ ಹೆಸರಿಸಿ, ಒಪ್ಪಂದವಾಗಲಿ ದಯೆಯಾಗಲಿ ಕೂಡದು, ನಿರ್ಮೂಲ ಮಾಡಬೇಕು ಎಂದು ವಿಧಿಸುತ್ತದೆ. ಇಂದಿನ ಓದುಗ, ಅವನು ಆಸ್ತಿಕನಿರಲಿ ನಾಸ್ತಿಕನಿರಲಿ, ಈ ಮಾತಿನ ಮುಂದೆ ತಡೆದು ನಿಲ್ಲುತ್ತಾನೆ.

ಆ ಆಜ್ಞೆ ನಿಜವಾಗಿ ಜಾರಿಗೆ ಬಂದಿತೆ? ಯೆರಿಕೋ ಪಟ್ಟಣದ ಗೋಡೆ ಉರುಳಿದ್ದನ್ನು ಯೆಹೋಶುವನ ಗ್ರಂಥ ವರ್ಣಿಸುತ್ತದೆ. ಅದರ ಮುಂದಿನ ನ್ಯಾಯಸ್ಥಾಪಕರ ಗ್ರಂಥವಾದರೋ ಹೊರಡಿಸಲಾಗದೆ ಉಳಿದ ಕಾನಾನ್ಯರ ಊರುಗಳ ಪಟ್ಟಿಯನ್ನೇ ಕೊಡುತ್ತದೆ. ಜೆರುಸಲೇಂ ಕೂಡ ದಾವೀದನ ಕಾಲದವರೆಗೆ ಯೆಬೂಸಿಯರ ಊರು. 1952ರಿಂದ 1958ರವರೆಗೆ ಯೆರಿಕೋದಲ್ಲಿ ಉತ್ಖನನ ನಡೆಸಿದ ಕ್ಯಾಥ್ಲೀನ್ ಕೆನ್ಯನ್, ಅಲ್ಲಿನ ಕೋಟೆ ಹಾಳಾದದ್ದು ಕ್ರಿ.ಪೂ. 1550ರ ಸುಮಾರಿಗೆ ಎಂದರು. ಯೆಹೋಶುವನ ಕಾಲವೆಂದು ಸಾಮಾನ್ಯವಾಗಿ ಹೇಳುವುದು ಕ್ರಿ.ಪೂ. 13ನೆಯ ಶತಮಾನವನ್ನು. ಬೆಟ್ಟನಾಡಿನ ಆದಿ ಇಸ್ರೇಲಿ ಹಳ್ಳಿಗಳಲ್ಲಿ ಸಿಕ್ಕ ಮಡಕೆ ಕುಡಿಕೆಗಳೂ ಕಾನಾನ್ಯರವನ್ನೇ ಹೋಲುತ್ತವೆ. ಇಸ್ರೇಲರಲ್ಲಿ ಬಹುಪಾಲು ಜನ ಕಾನಾನ್ಯರ ನಡುವಿನಿಂದಲೇ ಕವಲೊಡೆದವರು ಎಂಬುದು ಇಂದು ಅನೇಕ ವಿದ್ವಾಂಸರ ಅಭಿಪ್ರಾಯ.

ಕಾನಾನ್ಯರ ಧರ್ಮದ ಬಗ್ಗೆ ಬಹುಕಾಲ ತಿಳಿದಿದ್ದುದು ಹೆಚ್ಚಾಗಿ ವಿರೋಧಿಗಳ ಬಾಯಿಂದ. 1928ರಲ್ಲಿ ಸಿರಿಯಾದ ಕಡಲ ತೀರದಲ್ಲಿ ರೈತನೊಬ್ಬನ ನೇಗಿಲು ಹಳೆಯ ಗೋರಿಯೊಂದಕ್ಕೆ ತಗುಲಿತು. ಮರುವರ್ಷ ಫ್ರಾನ್ಸಿನ ಕ್ಲಾಡ್ ಶೆಫರ್ ಹತ್ತಿರದ ರಾಸ್ ಶಾಮ್ರಾ ದಿಬ್ಬವನ್ನು ಅಗೆಸಿದಾಗ ಉಗಾರಿಟ್ ನಗರವೇ ಹೊರಬಂತು. ಜೊತೆಗೆ 30 ಅಕ್ಷರಗಳ ಲಿಪಿಯಲ್ಲಿ ಬರೆದ ಜೇಡಿಮಣ್ಣಿನ ಹಲಗೆಗಳು. (ಉಗಾರಿಟ್ಟಿನವರು ತಮ್ಮನ್ನು ಕಾನಾನ್ಯರೆಂದು ಎಣಿಸಿದಂತಿಲ್ಲ. ಆದರೂ ಭಾಷೆ, ದೇವತೆಗಳಲ್ಲಿ ನಂಟು ನಿಕಟ.)

ಬೈಬಲು ಹಳಿಯುವ ಬಾಳ್ ಈ ಹಲಗೆಗಳಲ್ಲಿ ಮಳೆಗರೆಯುವ ದೇವರು. ಕಡಲಿನ ಯಾಮ್‌ನನ್ನು ಸೋಲಿಸುತ್ತಾನೆ. ಮೃತ್ಯುವಾದ ಮೋಟ್‌ನ ಬಾಯಿಗೆ ಬಿದ್ದು ಮತ್ತೆ ಎದ್ದು ಬರುತ್ತಾನೆ. ಮಳೆಯನ್ನೇ ನಂಬಿ ಬಿತ್ತುವವರ ಕಥೆಯಿದು ಎಂಬುದನ್ನು ನಮ್ಮ ಬಯಲುಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೇವತೆಗಳಿಗೆಲ್ಲ ಹಿರಿಯ ಏಲ್. ಇಸ್ರಾಯೇಲ್, ಬೇತೇಲ್ ಎಂಬ ಹೆಸರುಗಳ ಕೊನೆಯಲ್ಲಿರುವುದೂ ಇದೇ ‘ಏಲ್’. ಯೆಶಾಯನ ಗ್ರಂಥದ 19ನೆಯ ಅಧ್ಯಾಯವಂತೂ ಇಸ್ರೇಲರ ನುಡಿಯನ್ನು ಕಾನಾನಿನ ಭಾಷೆಯೆಂದೇ ಕರೆದಿದೆ.

ಇಷ್ಟು ಹತ್ತಿರದ ನಂಟಿದ್ದುದರಿಂದಲೇ ಅಷ್ಟು ಕಟುವಾದ ಮಾತು ಹುಟ್ಟಿರಬೇಕು. ಧರ್ಮೋಪದೇಶಕಾಂಡ ಬಹುಮಟ್ಟಿಗೆ ರೂಪುಗೊಂಡದ್ದು ಕ್ರಿ.ಪೂ. 7ನೆಯ ಶತಮಾನದಲ್ಲಿ ಎಂದು ಅನೇಕರು ಎಣಿಸುತ್ತಾರೆ. ಆ ವೇಳೆಗೆ ಆ ನಾಡಿನಲ್ಲಿ ಕಾದಾಡಲು ಕಾನಾನ್ಯ ರಾಜ್ಯಗಳೇ ಇರಲಿಲ್ಲ. ಬಾಳನನ್ನು ಬಿಡದ ಸ್ವಜನರ ಮೇಲಿನ ಕೋಪ ಪೂರ್ವಕಾಲದ ಪರಕೀಯರ ಹೆಸರಿನಲ್ಲಿ ಹೊರಬಂದಿತೆನ್ನಬಹುದು.

ಲೆಬನಾನಿನ ಸೀದೋನಿನಲ್ಲಿ ದೊರೆತ, ಸುಮಾರು 3,700 ವರ್ಷ ಹಳೆಯ ಐವರು ಕಾನಾನ್ಯರ ಅಸ್ಥಿಗಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಅದರಂತೆ ಇಂದಿನ ಲೆಬನಾನಿಗರ ವಂಶಮೂಲದಲ್ಲಿ ಶೇ. 90ಕ್ಕೂ ಹೆಚ್ಚು ಪಾಲು ಕಾನಾನ್ಯರಿಗೆ ಸಂಬಂಧಿಸಿದ್ದು.