ಸೋಲಲು ಕಲಿತವರ ಗೆಲುವು

ಇಂಗ್ಲೆಂಡಿನ ಫುಟ್‌ಬಾಲ್ ಅಭಿಮಾನಿಗೆ ಮೆಲುಕು ಹಾಕಲು 1966ರ ವಿಶ್ವಕಪ್ಪಾದರೂ ಉಂಟು. ನಮ್ಮ ರಾಯಲ್ ಚಾಲೆಂಜರ್ಸ್ ತಂಡವನ್ನು 2008ರಿಂದ ನೆಚ್ಚಿಕೊಂಡವರಿಗೆ ಹದಿನೇಳು ಐಪಿಎಲ್‌ಗಳವರೆಗೆ ಆ ಭಾಗ್ಯವೂ ಇರಲಿಲ್ಲ.

2009ರ ಫೈನಲ್‌ನಲ್ಲಿ ಆರು ರನ್ನುಗಳ ಸೋಲು. 2016ರಲ್ಲಿ ತವರಿನಂಗಳದಲ್ಲೇ ಎಂಟು ರನ್ನುಗಳ ಸೋಲು. 2013ರ ಏಪ್ರಿಲ್ 23ರಂದು 263 ರನ್ನು ಸೂರೆಗೈದ ತಂಡ, 2017ರ ಅದೇ ದಿನ 49ಕ್ಕೆ ಕುಸಿಯಿತು. ಇಂಥ ತಂಡವನ್ನು ಪ್ರೀತಿಸುವವನಿಗೆ ಹಾಸ್ಯಪ್ರಜ್ಞೆ ಅನಿವಾರ್ಯ. ಮೈಸೂರಿನ ಮೇಟಗಳ್ಳಿಯಲ್ಲಿ ಪಾಳಿ ಮುಗಿಸಿ ಬಂದ ಕಾರ್ಮಿಕನಿಂದ ಹಿಡಿದು ವಿದೇಶದ ಎಂಜಿನಿಯರನವರೆಗೆ ಎಲ್ಲರೂ, ಯಾರು ಯಾರಿಗೆ ಸೋತರೆ ನಮಗೆ ದಾರಿಯೆಂದು ಲೆಕ್ಕ ಹಾಕಿದವರೇ. ಗಣಿತಕ್ಕೆ ಹೆದರಿ ಶಾಲೆ ಬಿಟ್ಟವನೂ ನೆಟ್ ರನ್‌ರೇಟಿನ ಪಂಡಿತನಾದ. ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆಯನ್ನು ಎದುರಾಳಿಗಳು ಗೇಲಿಗೆ ಬಳಸಿದಾಗ, ಅವರಿಗಿಂತ ಜೋರಾಗಿ ನಕ್ಕವರು ನಾವೇ.

2024ರಲ್ಲಿ ಮಹಿಳೆಯರ ತಂಡ ತನ್ನ ಎರಡನೆಯ ಟೂರ್ನಿಯಲ್ಲೇ ಕಪ್ ಗೆದ್ದು ಪುರುಷರನ್ನು ನಾಚಿಸಿತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪುರುಷರೂ ಗೆದ್ದರು; ಅಂತರ ಅದೇ ಆರು ರನ್ನು! ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ಕಾಲ್ತುಳಿತಕ್ಕೆ ಹನ್ನೊಂದು ಮಂದಿ ಬಲಿಯಾದರು.

ಸೋಲನ್ನು ಸಹಿಸುವ ವಿದ್ಯೆಯನ್ನು ಅಭಿಮಾನಿ ತಾನಾಗಿಯೇ ಕಲಿತಿದ್ದ. ಗೆಲುವಿನ ದಿನ ಅವನನ್ನು ಸುರಕ್ಷಿತವಾಗಿ ಮನೆಗೆ ಕಳುಹಿಸುವ ವಿದ್ಯೆ ಸಂಭ್ರಮ ಏರ್ಪಡಿಸಿದವರಿಗೆ ತಿಳಿದಿರಲಿಲ್ಲ. ಇನ್ನು ಯಾವ ವಿಜಯೋತ್ಸವಕ್ಕೂ ಮೊದಲು ಆ ಪಾಠವಾಗಬೇಕು. ಕಪ್ ನಮ್ಮದಾಯಿತು, ನಿಜ. ಆ ಹನ್ನೊಂದು ಮಂದಿಯೂ ನಮ್ಮವರೇ.