ಥಾನಿನ ಮೇಲಿನ ಚೀಟಿ, ಗೋಡೆಯ ಮೇಲೆ

ನೂರು ವರ್ಷಗಳ ಹಿಂದೆ ಮ್ಯಾಂಚೆಸ್ಟರಿನ ಗಿರಣಿ ಬಟ್ಟೆ ನಮ್ಮ ಪೇಟೆಗಳಿಗೆ ಬರುವಾಗ ಥಾನಿನ ಮೇಲೊಂದು ಬಣ್ಣದ ಚೀಟಿ ಅಂಟಿಕೊಂಡಿರುತ್ತಿತ್ತು. ಜನ ಬಟ್ಟೆ ಕೊಂಡರು, ಉಟ್ಟರು, ಅದು ಹರಿದೂ ಹೋಯಿತು. ಚೀಟಿಗಳು ಮಾತ್ರ ಅಲ್ಲಲ್ಲಿ ಉಳಿದುಕೊಂಡವು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, ಅಂದರೆ ‘ಮ್ಯಾಪ್’, 2025ರಲ್ಲಿ ‘ಟಿಕೆಟ್ ಟೀಕಾ ಛಾಪ್’ ಎಂಬ ಹೆಸರಿನಲ್ಲಿ ಇವುಗಳದ್ದೇ ಒಂದು ಪ್ರದರ್ಶನ ಏರ್ಪಡಿಸಿತ್ತು.

ಚೀಟಿಗಳ ಮೇಲೆ ದೇವರುಗಳಿದ್ದಾರೆ, ರಾಜರಿದ್ದಾರೆ, ಹುಲಿ ಆನೆಗಳಿವೆ. ಕೊಳ್ಳುವವರಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಚಿತ್ರವೇ ಕಂಪನಿಯ ಗುರುತು. ಬೆಂಕಿಪೊಟ್ಟಣ, ಊದುಬತ್ತಿಗಳನ್ನು ನಮ್ಮ ಹಿರಿಯರು ಇಂಥ ಮಾರ್ಕಿನದೇ ಬೇಕೆಂದು ಕೇಳಿ ಕೊಳ್ಳುತ್ತಿದ್ದರಲ್ಲ, ಇದೂ ಹಾಗೆಯೇ. ಚಿತ್ರ ಕದಿಯುವ ಪ್ರತಿಸ್ಪರ್ಧಿಗಳೂ ಇದ್ದರು. 1875ರಲ್ಲಿ ಬ್ರಿಟನ್ನಿನಲ್ಲಿ ಟ್ರೇಡ್‌ಮಾರ್ಕ್ ನೋಂದಣಿಯ ಕಾನೂನು ಬಂದಮೇಲೆ ಬಟ್ಟೆ ವ್ಯಾಪಾರಿಗಳು ತಮ್ಮ ಮಾರ್ಕುಗಳನ್ನು ನೋಂದಾಯಿಸಲು ಮುಗಿಬಿದ್ದರು.

ಇವು ಕಲ್ಲಚ್ಚಿನ ಮುದ್ರಣಗಳು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದೇ ಕಾಗದ ಅಷ್ಟೂ ಕಲ್ಲುಗಳ ಮೇಲೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಹಾಯಬೇಕು. ದೇವಿಯ ಕೆನ್ನೆಯ ಹತ್ತಿರ ಕಣ್ಣಿಟ್ಟು ನೋಡಿದರೆ ಆ ನಸುಗೆಂಪು ಅಸಂಖ್ಯ ಚುಕ್ಕಿಗಳಾಗಿ ಒಡೆಯುತ್ತದೆ. ನಮ್ಮ ನೇಕಾರರ ಮಗ್ಗಗಳನ್ನು ನಿಲ್ಲಿಸಿದ ಬಟ್ಟೆ, ನಮ್ಮದೇ ದೇವರ ಮುಖ ಹೊತ್ತು ನಮ್ಮ ಅಂಗಡಿಗೆ ಬಂದಿತ್ತು. ಈ ಚಂದದ ಎದುರು ನಿಂತಾಗ ಮನಸ್ಸಿಗೆ ಸಂತೋಷ, ಸಂಕಟ ಎರಡೂ ಆಗುತ್ತವೆ.

ಮ್ಯಾಪ್‌ನ ಚರಿತ್ರೆ ಚಿಕ್ಕದು. ಅಭಿಷೇಕ್ ಪೋದ್ದಾರ್ ತಮ್ಮ ಸಂಗ್ರಹವನ್ನು ಕೊಟ್ಟು ಕಟ್ಟಿದ ಸಂಸ್ಥೆ ಇದು. ಕೋವಿಡ್ ಕಾಲದಲ್ಲಿ, 2020ರ ಡಿಸೆಂಬರಿನಲ್ಲಿ, ಅಂತರ್ಜಾಲದಲ್ಲಿ ಶುರುವಾಗಿ 2023ರ ಫೆಬ್ರವರಿಯಲ್ಲಿ ಕಟ್ಟಡದ ಬಾಗಿಲು ತೆರೆಯಿತು. ಮ್ಯಾಥ್ಯೂ ಅಂಡ್ ಘೋಷ್ ವಿನ್ಯಾಸದ ಸ್ಟೀಲ್ ಹೊದಿಕೆಯ ಕಟ್ಟಡ ದೂರಕ್ಕೆ ನೀರಿನ ಟ್ಯಾಂಕಿನಂತೆ ಕಾಣುತ್ತದೆ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಛಾಯಾಚಿತ್ರಗಳು ಇಲ್ಲಿವೆ. ನಮ್ಮ ಕರಾವಳಿಯ ಎಲ್.ಎನ್. ತಲ್ಲೂರು ಅವರ ಶಿಲ್ಪಗಳೂ ಪ್ರದರ್ಶನಗೊಂಡಿವೆ.

ಆದರೆ ಒಂದು ಸಲ ಹೋಗಿಬಂದರೆ ಮ್ಯೂಸಿಯಂ ನೋಡಿದಂತಾಗುವುದಿಲ್ಲ. ಕಾಗದ, ಬಟ್ಟೆ, ಛಾಯಾಚಿತ್ರ ಮೂರಕ್ಕೂ ಬೆಳಕೇ ಶತ್ರು. ಒಮ್ಮೆ ಮಾಸಿದ ಬಣ್ಣ ಮರಳಿ ಬರುವುದಿಲ್ಲ. ಅದಕ್ಕೇ ಇಂಥ ಕೃತಿಗಳಿಗೆ ಸುಮಾರು 50 ಲಕ್ಸ್‌ನಷ್ಟೇ ಬೆಳಕು ಬಿಡುವುದು ಮ್ಯೂಸಿಯಂಗಳ ರೂಢಿ. ಮಬ್ಬಿನಲ್ಲಿ ಏನೂ ಕಾಣುವುದಿಲ್ಲವೆಂದು ಗೊಣಗುವವರು ಎರಡು ನಿಮಿಷ ತಾಳಿದರೆ ಸಾಕು, ಕಣ್ಣು ಹೊಂದಿಕೊಳ್ಳುತ್ತದೆ. ಕೆಲವು ತಿಂಗಳು ಗೋಡೆಯ ಮೇಲಿದ್ದ ಕಾಗದವನ್ನು ಇಳಿಸಿ, ವರ್ಷಗಟ್ಟಲೆ ಕತ್ತಲ ಉಗ್ರಾಣದಲ್ಲಿ ಇಡಬೇಕಾಗುತ್ತದೆ. ಈ ಸಲ ತಪ್ಪಿಸಿಕೊಂಡ ಚಿತ್ರ ಮತ್ತೆ ಹೊರಬರುವ ಹೊತ್ತಿಗೆ ಶಾಲೆಗೆ ಹೋಗುವ ಮಗು ಕಾಲೇಜು ಸೇರಿರಬಹುದು.

ಮ್ಯೂಸಿಯಂನ ವರ್ಷದ ಸದಸ್ಯತ್ವಕ್ಕೆ ಅರ್ಥ ಇರುವುದು ಇಲ್ಲಿ. ಟಿಕೆಟ್ ಹಣ ವಸೂಲಾಗಬೇಕೆಂದು ಎಲ್ಲ ಮಹಡಿಗಳನ್ನೂ ಒಂದೇ ಮಧ್ಯಾಹ್ನ ಓಡುತ್ತ ಮುಗಿಸಬೇಕಿಲ್ಲ. ಇವತ್ತು ಒಂದೇ ಗೋಡೆ ನೋಡಿ ಮನೆಗೆ ಹೋಗಬಹುದು. ಮುಂದೆ ಯಾವ ಪ್ರದರ್ಶನ ಬರಲಿದೆ ಎಂಬುದನ್ನು ಪಂಚಾಂಗದಲ್ಲಿ ಹಬ್ಬ ಹುಡುಕುವ ಹಾಗೆ ನೋಡಿಕೊಂಡು ಕಾಯಬಹುದು. ನಾವು ಸಿನಿಮಾಕ್ಕೆ, ಸಂಗೀತ ಸಭೆಗೆ ಖರ್ಚು ಮಾಡುತ್ತೇವೆ. ರಾಮನವಮಿ ಕಛೇರಿಗೆ ಸೀಸನ್ ಪಾಸ್ ಕೊಳ್ಳುವವರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಚಿತ್ರ ನೋಡಲು ಆ ಅಭ್ಯಾಸ ಇನ್ನೂ ಬೆಳೆದಿಲ್ಲ ಎಂಬುದೇ ನನ್ನ ಕೊರಗು.

ಇದೇ ರಸ್ತೆಯಲ್ಲಿ 1865ರಲ್ಲಿ ಸ್ಥಾಪನೆಯಾದ ಸರ್ಕಾರಿ ವಸ್ತುಸಂಗ್ರಹಾಲಯವಿದೆ, ಪಕ್ಕದಲ್ಲೇ ವೆಂಕಟಪ್ಪ ಚಿತ್ರಶಾಲೆಯೂ ಇದೆ. ಮಕ್ಕಳನ್ನು ಕಬ್ಬನ್ ಪಾರ್ಕಿಗೆ ಕರೆತಂದವರು ದಯವಿಟ್ಟು ರಸ್ತೆ ದಾಟಿ ಮ್ಯಾಪ್‌ಗೂ ಬನ್ನಿ. ಸೋಮವಾರ ಮಾತ್ರ ರಜೆ.